ಡ್ರಾಫ್ಟ್ ಮತ್ತು ಬಡ್ಡಿ

ನಮ್ಮೂರ ಕಡೆ ಡ್ರಾಫ್ಟ್ ಎಂದರೆ ಬ್ಯಾಂಕಿನ ಡಿ.ಡಿ. ಕಾಲೇಜಿನ ಫೀಸಿಗೂ ಅದೇ, ಕೆಲಸದ ಅರ್ಜಿಗೂ ಅದೇ. 2004ರ ನವೆಂಬರಿನಲ್ಲಿ ಮೆಲ್ಬರ್ನಿನ ರಿಚ್ಮಂಡ್ ಬಡಾವಣೆಯಲ್ಲಿ ನನಗೆ ಹಿತ್ತಲ ಕೋಣೆ ಬಾಡಿಗೆಗೆ ಕೊಟ್ಟಿದ್ದ ಅಜ್ಜಿ, "ಡ್ರಾಫ್ಟಿಗೆ ಇನ್ನು ನಾಲ್ಕೇ ದಿನ" ಎಂದಾಗ ನನಗೆ ಎದೆ ಧಸಕ್ಕೆಂದಿತು. ಬಾಡಿಗೆಯನ್ನು ಇನ್ನು ಮೇಲೆ ಡಿ.ಡಿ. ಮಾಡಿಸಿ ಕೊಡಬೇಕೇನೋ, ಅದಕ್ಕೆ ಕಮಿಷನ್ ಬೇರೆ ಎಷ್ಟು ಹಿಡಿಯುತ್ತಾರೋ ಎಂದು ಲೆಕ್ಕ ಹಾಕುತ್ತ ನಿಂತೆ. ಅಜ್ಜಿ ನನ್ನ ಮುಖ ನೋಡಿ ನಕ್ಕು, ಅಡುಗೆಮನೆ ಬಾಗಿಲ ಹಿಂದೆ ತೂಗುಹಾಕಿದ್ದ ಕ್ಯಾಲೆಂಡರ್ ತಿರುಗಿಸಿದಳು. ಮಾಂಸದಂಗಡಿಯವರು ಬಿಟ್ಟಿ ಕೊಟ್ಟ ಕ್ಯಾಲೆಂಡರ್ ಅದು. ನವೆಂಬರಿನ ಹಾಳೆಯ ಬೆನ್ನಿನಲ್ಲಿ ಸೀಸದಕಡ್ಡಿಯಿಂದ ಒಂದರ ಕೆಳಗೊಂದು ಹೆಸರುಗಳು. ದಿನಸಿ ಚೀಟಿಯಂತೆ ಕಂಡಿತು. ಹೆಸರುಗಳಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ, ಓದಲೂ ಹೋಗಲಿಲ್ಲ.

ಅಜ್ಜಿಯ ಮಟ್ಟಿಗೆ ಆ ವಾರ ನಮ್ಮ ಎಸ್ಸೆಸ್ಸೆಲ್ಸಿ ರಿಸಲ್ಟಿನ ವಾರ. ಆಕೆ ವಯಸ್ಸಿನಲ್ಲಿ ಇಲ್ಲೇ ಚರ್ಚ್ ಸ್ಟ್ರೀಟಿನ ಬ್ರಯಂಟ್ ಅಂಡ್ ಮೇ ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ದುಡಿದವಳು. ದೇವರಲ್ಲಿ ನಂಬಿಕೆ ಅಷ್ಟಕ್ಕಷ್ಟೆ. ನಂಬಿದ್ದು ಹಳದಿ-ಕಪ್ಪು ಪಟ್ಟೆಯ ರಿಚ್ಮಂಡ್ ಕ್ಲಬ್ಬನ್ನು. ಆ ದೇವರು ಕಡೆಯದಾಗಿ ವರ ಕೊಟ್ಟಿದ್ದು 1980ರಲ್ಲಿ. 2004ರ ಸಾಲಿನಲ್ಲಂತೂ 22 ಪಂದ್ಯಗಳಲ್ಲಿ ನಾಲ್ಕೇ ನಾಲ್ಕು ಗೆದ್ದು ಪಟ್ಟಿಯ ಕಟ್ಟಕಡೆಗೆ ಬಿದ್ದಿತ್ತು. ಹಾಗೆ ಬಿದ್ದದ್ದಕ್ಕೇ ಅಜ್ಜಿಗೆ ಅಷ್ಟು ಉತ್ಸಾಹ!

ಅದು ಹೇಗೆಂದು ಹೇಳುವ ಮೊದಲು ಆಟದ ಬಗ್ಗೆ ಎರಡು ಮಾತು. ಇದು ನಾವು ಬಲ್ಲ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯಾಕಾರ, ಮೈದಾನವೂ ಹಾಗೇ, ಒಂದು ಕಡೆಗೆ 18 ಜನ. ಕೈಯಲ್ಲಿ ಹಿಡಿಯಬಹುದು, ಒದೆಯಬಹುದು, ಮುಷ್ಟಿಯಿಂದ ಗುದ್ದಿ ದಾಟಿಸಬಹುದು, ಎಸೆಯುವಂತಿಲ್ಲ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಆರು ಪಾಯಿಂಟ್. ಇದರ ನಿಯಮಗಳನ್ನು 1859ರ ಮೇ ತಿಂಗಳಲ್ಲಿ ಮೆಲ್ಬರ್ನಿನ ಒಂದು ಹೋಟೆಲಿನಲ್ಲಿ ಕೂತು ಬರೆದರು. ಬರೆದವರಲ್ಲಿ ಮುಖ್ಯನಾದ ಟಾಮ್ ವಿಲ್ಸ್ ಕ್ರಿಕೆಟಿಗ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಿರಲಿ ಎಂಬುದು ಅವನ ಮೊದಲ ಯೋಚನೆ. ನಮ್ಮವರು ಬಾಕ್ಸಿಂಗ್ ಡೇ ಟೆಸ್ಟ್ ನೋಡಲು ಹೋಗುವ ಎಂಸಿಜಿ ಚಳಿಗಾಲದಲ್ಲಿ ಈ ಆಟದ್ದೇ ಸ್ವತ್ತು.

ಈಗ ಡ್ರಾಫ್ಟ್. ಐಪಿಎಲ್ ಹರಾಜು ನೋಡಿದವರಿಗೆ ಇದು ತಿರುಗುಮುರುಗು ಎನ್ನಿಸುತ್ತದೆ. ಇಲ್ಲಿ ಹಣ ಕೂಗುವುದಿಲ್ಲ. ವರ್ಷದ ಕೊನೆಗೆ ಯಾರು ಕಟ್ಟಕಡೆಗೆ ನಿಂತರೋ ಅವರಿಗೆ ದೇಶದ ಹದಿನೆಂಟರ ಹುಡುಗರಲ್ಲಿ ಮೊದಲನೆಯವನನ್ನು ಆರಿಸುವ ಹಕ್ಕು. ಕಪ್ ಗೆದ್ದವರಿಗೆ ಕೊನೆಯ ಸರದಿ. ಪಂಕ್ತಿಯ ತುದಿಯಲ್ಲಿ ಕೂತವನಿಗೆ ಮೊದಲು ಬಡಿಸಿದ ಹಾಗೆ. ಹುಡುಗನಿಗೆ ಮಾತ್ರ ಆಯ್ಕೆಯಿಲ್ಲ. ಪರ್ತ್‌ನಲ್ಲಿ ಹುಟ್ಟಿದವನನ್ನು ಬ್ರಿಸ್ಬೇನ್ ಕರೆದರೆ ಬ್ರಿಸ್ಬೇನ್‌ಗೇ ಹೋಗಬೇಕು, ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ.

ಈ ಉಪಾಯ ಅಮೆರಿಕದ್ದು. ಅಲ್ಲಿಯ ಫುಟ್‌ಬಾಲ್ ಲೀಗಿನ ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್‌ಗೆ ಒಳ್ಳೆ ಆಟಗಾರರು ಸಿಗುತ್ತಿರಲಿಲ್ಲ, ಎಲ್ಲರೂ ಗೆಲ್ಲುವ ತಂಡಗಳಿಗೇ ಹೋಗುತ್ತಿದ್ದರು. ಸೋತವರಿಗೆ ಮೊದಲ ಆಯ್ಕೆ ಕೊಡಿ ಎಂದು ಅವನು ಉಳಿದ ಮಾಲೀಕರನ್ನು ಒಪ್ಪಿಸಿದ. 1936ರ ಫೆಬ್ರವರಿಯಲ್ಲಿ ಅವನದೇ ಊರಿನ ಹೋಟೆಲೊಂದರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಮೊದಲ ಹೆಸರು ಜೇ ಬರ್ವಾಂಗರ್. ಆ ಪುಣ್ಯಾತ್ಮ ಸಂಬಳ ಹೊಂದಲಿಲ್ಲವೆಂದು ಆ ಲೀಗಿನಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಡ್ರಾಫ್ಟಿನ ಇತಿಹಾಸ ಶುರುವಾಗುವುದೇ ಕೈಗೆ ಸಿಗದ ಹುಡುಗನಿಂದ.

ಮೆಲ್ಬರ್ನಿನಲ್ಲಿ ಡ್ರಾಫ್ಟ್ ಬರುವ ಮೊದಲು ಇದ್ದದ್ದು ಬೀದಿಯ ಲೆಕ್ಕ. 1897ರಲ್ಲಿ ಎಂಟು ಕ್ಲಬ್ಬುಗಳಿಂದ ಶುರುವಾದ ವಿಎಫ್‌ಎಲ್ ಎಂಬ ಲೀಗ್, 1915ರಿಂದ ನಗರವನ್ನು ವಲಯಗಳಾಗಿ ಹಂಚಿತು. ನಿಮ್ಮ ಮನೆ ಯಾವ ಕ್ಲಬ್ಬಿನ ವಲಯದಲ್ಲಿದೆಯೋ ನೀವು ಆ ಕ್ಲಬ್ಬಿನವರು, ರೇಷನ್ ಅಂಗಡಿ ಇದ್ದ ಹಾಗೆ. ಅಜ್ಜಿಯ ಬಾಲ್ಯದ ರಿಚ್ಮಂಡ್ ಚರ್ಮ ಹದಮಾಡುವವರ, ಸಾಸ್-ಜಾಮ್ ಕಾರ್ಖಾನೆಯವರ ಕೇರಿ. ಶನಿವಾರ ಮಧ್ಯಾಹ್ನ ಹಳದಿ-ಕಪ್ಪು ಅಂಗಿ ಹಾಕಿ ಓಡುತ್ತಿದ್ದವನು ಸೋಮವಾರ ಬೆಳಗ್ಗೆ ಪಕ್ಕದ ಯಂತ್ರದಲ್ಲಿ ನಿಂತಿರುತ್ತಿದ್ದ. "ಆಗ ಚರ್ಚೆ ಎಲ್ಲಿತ್ತು? ಸಿಕ್ಕಿದವನೇ ನಮ್ಮವನು" ಎನ್ನುತ್ತಿದ್ದಳು.

ಪೂರಾ ನಿಜವಲ್ಲ ಅದು. ಚರ್ಚೆ ಆಗಲೂ ಇತ್ತು, ಗಡಿಯ ಮೇಲೆ ಇತ್ತು. ರಾನ್ ಬರಾಸಿಯ ಕತೆ ನೋಡಿ. ಅಪ್ಪನ ಹೆಸರೂ ರಾನ್ ಬರಾಸಿಯೇ. ಆತ ಮೆಲ್ಬರ್ನ್ ಕ್ಲಬ್ಬಿಗೆ ಆಡಿ 1940ರಲ್ಲಿ ಕಪ್ ಗೆದ್ದವನು (ಗೆದ್ದದ್ದು ರಿಚ್ಮಂಡ್ ಮೇಲೆ, ಅಜ್ಜಿ ಈ ಭಾಗ ಹಾರಿಸುತ್ತಿದ್ದಳು), ಮರುವರ್ಷ ಯುದ್ಧಕ್ಕೆ ಹೋಗಿ ಟೊಬ್ರೂಕ್‌ನಲ್ಲಿ ಸತ್ತ. ಮಗನಿಗೆ ಐದು ವರ್ಷ. ಮಗ ದೊಡ್ಡವನಾಗುವ ಹೊತ್ತಿಗೆ ಅವನ ಮನೆ ಬೇರೆ ಕ್ಲಬ್ಬಿನ ವಲಯದಲ್ಲಿತ್ತು. ಸತ್ತ ನಮ್ಮ ಹುಡುಗನ ಮಗ ಬೇರೆಯವರ ಅಂಗಿ ತೊಡುವುದೇ ಎಂದು ಮೆಲ್ಬರ್ನ್ ಕ್ಲಬ್ ಪಟ್ಟು ಹಿಡಿಯಿತು. ಅಪ್ಪ ಆಡಿದ ಕ್ಲಬ್ಬಿಗೆ ಮಗ ಹೋಗಬಹುದೆಂಬ ನಿಯಮ ಬಂತು, ಅದು ಇವತ್ತಿನ ಡ್ರಾಫ್ಟಿನಲ್ಲೂ ಬೇರೆ ರೂಪದಲ್ಲಿ ಉಳಿದಿದೆ. ಮಗ 1953ರಲ್ಲಿ ಆಡಲು ಬಂದು ಮೆಲ್ಬರ್ನ್‌ಗೆ ಆರು ಕಪ್ ಗೆಲ್ಲಿಸುವುದರಲ್ಲಿ ಪಾಲುದಾರನಾದ. ಆಮೇಲೆ 1965ರಲ್ಲಿ ಕಾರ್ಲ್‌ಟನ್ ಕ್ಲಬ್ಬಿಗೆ ಹೊರಟುಹೋದ! ರಕ್ತಸಂಬಂಧ ನಂಬಿ ನಿಯಮ ಮಾಡಿದವರ ಪಾಡು ಹೀಗೆ.

1960ರ ದಶಕದ ಕೊನೆಯಲ್ಲಿ ಹಳ್ಳಿಗಾಡನ್ನೂ 12 ಭಾಗ ಮಾಡಿ ಹಂಚಿದರು. ಪಾಲು ಹಂಚಿಕೆಯಲ್ಲಿ ಒಬ್ಬರಿಗೆ ನೀರಾವರಿ, ಒಬ್ಬರಿಗೆ ಕಲ್ಲುಭೂಮಿ ಬರುವುದು ಎಲ್ಲಿಯಾದರೂ ತಪ್ಪೀತೆ? ಅಲ್ಲಿಯವರೆಗೆ ಒಂದೇ ಕಪ್ (1961) ಕಂಡಿದ್ದ ಹಾತಾರ್ನ್‌ಗೆ ಮಾರ್ನಿಂಗ್ಟನ್ ಪರ್ಯಾಯ ದ್ವೀಪದ ಕಡೆಯ ಫಲವತ್ತಾದ ನೆಲ ಸಿಕ್ಕಿತು. 1971ರಿಂದ 1991ರ ನಡುವೆ ಎಂಟು ಕಪ್ ಬಾಚಿತು. ಉಳಿದವರ ಹೊಟ್ಟೆ ಉರಿಯದಿದ್ದೀತೆ.

ವಲಯದ ಬುಡ ಅಲುಗಿದ್ದು ಕೋರ್ಟಿನಲ್ಲಿ. 1982ರಲ್ಲಿ ಸೌತ್ ಮೆಲ್ಬರ್ನ್ ಕ್ಲಬ್ ಗಂಟುಮೂಟೆ ಕಟ್ಟಿ ಸಿಡ್ನಿಗೆ ಹೋಯಿತು. ಸಿಲ್ವಿಯೊ ಫೋಸ್ಕಿನಿ ಎಂಬ ಎಳೆಯ ಆಟಗಾರ, ನಾನು ಊರು ಬಿಡುವುದಿಲ್ಲ, ಇಲ್ಲೇ ಸೇಂಟ್ ಕಿಲ್ಡಾಗೆ ಆಡುತ್ತೇನೆ ಎಂದ. ಲೀಗ್ ಬಿಡಲಿಲ್ಲ. 1983ರಲ್ಲಿ ವಿಕ್ಟೋರಿಯಾದ ಸುಪ್ರೀಂ ಕೋರ್ಟು, ಹೀಗೆ ಕಟ್ಟಿಹಾಕುವುದು ದುಡಿದು ತಿನ್ನುವವನ ಹಕ್ಕಿಗೆ ಅಡ್ಡಿ ಎಂದು ಲೀಗಿನ ನಿಯಮವನ್ನು ತಳ್ಳಿಹಾಕಿತು. ಅಷ್ಟರಲ್ಲಿ ಹಲವು ಕ್ಲಬ್ಬುಗಳು ಸಾಲದಲ್ಲಿ ಮುಳುಗಿದ್ದವು. ಪರ್ತ್ ಮತ್ತು ಬ್ರಿಸ್ಬೇನ್‌ಗಳಿಂದ ಹೊಸ ತಂಡ ಸೇರಿಸಿಕೊಂಡು, ಅವರ ಪ್ರವೇಶಶುಲ್ಕದಿಂದ ಉಸಿರಾಡಬೇಕಾದ ಗತಿ. ಹೊಸ ತಂಡಕ್ಕೆ ಮೆಲ್ಬರ್ನಿನ ಯಾವ ಬೀದಿ ಕೊಡುವುದು? ಬೀದಿಯ ಲೆಕ್ಕ ಮುಗಿಯಿತು, ಸರದಿಯ ಲೆಕ್ಕ ಬಂತು.

1986ರ ನವೆಂಬರಿನಲ್ಲಿ ಮೊದಲ ಡ್ರಾಫ್ಟ್. ಮೊದಲ ಹೆಸರು ಅಡಿಲೇಡಿನ ಮಾರ್ಟಿನ್ ಲೆಸ್ಲಿ, ಕರೆದವರು ಬ್ರಿಸ್ಬೇನ್ ಬೇರ್ಸ್. ಆತ ಬರ್ವಾಂಗರ್‌ನಷ್ಟು ಹಟಮಾರಿಯಲ್ಲ, ಆದರೂ ಬ್ರಿಸ್ಬೇನ್ ಅಂಗಿ ತೊಟ್ಟು ಆಡಿದ್ದು 1989ರಲ್ಲಿ. ಅದೇ ಹೊತ್ತಿಗೆ ಸಿಡ್ನಿಯ ರಗ್ಬಿ ಲೀಗ್ ಕೂಡ ಡ್ರಾಫ್ಟ್ ತಂದಿತು. ಆಟಗಾರರು ಕೋರ್ಟಿಗೆ ಹೋಗಿ 1991ರಲ್ಲಿ ಅದನ್ನು ಕೆಡವಿದರು. ಮೆಲ್ಬರ್ನಿನದು ಮಾತ್ರ ಗಟ್ಟಿಯಾಗಿ ಬೇರುಬಿಟ್ಟಿತು. ಮೊದಮೊದಲು ಕ್ಲಬ್ಬುಗಳಿಗೇ ಇದರ ಬೆಲೆ ಗೊತ್ತಿರಲಿಲ್ಲ. 1990ರಲ್ಲಿ 78 ಹೆಸರು ಕರೆದ ಮೇಲೆ 79ನೆಯವನಾಗಿ ಎಸೆಂಡನ್ ಕ್ಲಬ್ ಕರೆದ ಜೇಮ್ಸ್ ಹರ್ಡ್ ಮುಂದೆ ಆ ಕ್ಲಬ್ಬಿನ ನಾಯಕನಾಗಿ ಕಪ್ ಎತ್ತಿದ. ಈಗ ಹಾಗಲ್ಲ. ಡ್ರಾಫ್ಟಿಗೆ ತಿಂಗಳುಗಟ್ಟಲೆ ಮೊದಲೇ ಪತ್ರಿಕೆಗಳಲ್ಲಿ ಫ್ಯಾಂಟಮ್ ಡ್ರಾಫ್ಟ್ ಎಂದು ಬರುತ್ತದೆ: ಯಾರು ಯಾರನ್ನು ಕರೆಯುತ್ತಾರೆ ಎಂಬ ಊಹೆಯ ಪಟ್ಟಿ. ಪಬ್ಬಿನಲ್ಲಿ, ಸಲೂನಿನಲ್ಲಿ, ನಾನು ಓಡಿಸುವ ಟ್ರಾಮಿನಲ್ಲಿ ಅದರದ್ದೇ ವಾದ. ಬಹುತೇಕರು ಆ ಹುಡುಗರು ಆಡಿದ್ದನ್ನು ಕಣ್ಣಾರೆ ನೋಡಿಯೇ ಇರುವುದಿಲ್ಲ.

ಈ ವಾದದ ಭಾಷೆಯನ್ನು ಮೊದಲ ಸಲ ಕೇಳಿದಾಗ ನನಗೆ ಅಪ್ಪನ ನೆನಪಾಯಿತು. ಸಂಕ್ರಾಂತಿ ಕಳೆದು ಚುಂಚನಕಟ್ಟೆ ದನದ ಜಾತ್ರೆಗೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಹಳ್ಳಿಕಾರ್ ಹೋರಿಯ ಬಾಯಿ ಬಿಡಿಸಿ ಹಲ್ಲು ಎಣಿಸುವುದು, ಗೊರಸು ತಟ್ಟುವುದು, ಬೆನ್ನ ಮೇಲೆ ಕೈಯಾಡಿಸಿ ಸುಳಿ ಹುಡುಕುವುದು, ನಾಲ್ಕು ಹೆಜ್ಜೆ ನಡೆಸಿ ನೋಡುವುದು. ಆಮೇಲೆ ದಲ್ಲಾಳಿ ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ. ಇಲ್ಲಿ ಡ್ರಾಫ್ಟಿಗೆ ಮೊದಲು ಹುಡುಗರನ್ನೆಲ್ಲ ಒಂದೆಡೆ ಕರೆಸುತ್ತಾರೆ. 20 ಮೀಟರ್ ಓಟ, ನಿಂತಲ್ಲೇ ಎಷ್ಟೆತ್ತರ ನೆಗೆಯುತ್ತಾನೆ, ತೋಳು ಚಾಚಿದರೆ ಎಷ್ಟುದ್ದ ಎಂದೆಲ್ಲ ಅಳೆಯುತ್ತಾರೆ; ಆಗ ಚರ್ಮ ಚಿವುಟಿ ಕೊಬ್ಬನ್ನೂ ಅಳೆಯುತ್ತಿದ್ದರು. ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಹಲ್ಲೂ ಎಣುಸ್ತಾರೇನ್ಲಾ?" ಎಂದರು. ಇಲ್ಲಪ್ಪಾ, ಹುಟ್ಟಿದ ತಾರೀಖು ಇರುತ್ತೆ ಎಂದೆ. "ಹಂಗಾರೆ ಸುಳಿ ಯಾರು ನೋಡ್ತಾರೆ?" ಎಂದರು. ಮನುಷ್ಯರ ಮಕ್ಕಳನ್ನು ದನಕ್ಕೆ ಹೋಲಿಸುವುದು ಸರಿಯಲ್ಲ, ಗೊತ್ತು. ನಾನು ಹೋಲಿಸಿದ್ದು ಅಳೆಯುವವರನ್ನು. ಅಪ್ಪನ ಪ್ರಶ್ನೆಗೆ ಇವತ್ತಿಗೂ ಇಲ್ಲಿ ಯಾರ ಬಳಿಯೂ ಉತ್ತರವಿಲ್ಲ.

ಉತ್ತರವಿಲ್ಲದ್ದಕ್ಕೆ ಸಾಕ್ಷಿ 2004. ಅಷ್ಟು ಸೋತಿದ್ದಕ್ಕೆ ರಿಚ್ಮಂಡ್‌ಗೆ ಬೋನಸ್ಸೂ ಸೇರಿ ಒಂದನೆಯ ಮತ್ತು ನಾಲ್ಕನೆಯ ಸರದಿ ಬಂದವು. ಹಾತಾರ್ನ್‌ಗೆ ಎರಡು ಮತ್ತು ಐದು. ಮೊದಲ ಕರೆ ರಿಚ್ಮಂಡಿನದು, ಬ್ರೆಟ್ ಡೆಲೆಡಿಯೊ. ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ಹಾತಾರ್ನ್ ಎರಡನೆಯವನಾಗಿ ಜ್ಯಾರಿಡ್ ರಫ್‌ಹೆಡ್ ಎಂಬ ಎತ್ತರದ ಹುಡುಗನನ್ನು ತೆಗೆದುಕೊಂಡಿತು, ಮೂರನೆಯದು ವೆಸ್ಟರ್ನ್ ಬುಲ್‌ಡಾಗ್ಸ್ ಪಾಲು. ನಾಲ್ಕಕ್ಕೆ ರಿಚ್ಮಂಡ್ ಕರೆದದ್ದು ಉತ್ತರದ ಡಾರ್ವಿನ್ ಕಡೆಯ ರಿಚರ್ಡ್ ಟ್ಯಾಂಬ್ಲಿಂಗ್, ಗಿಡ್ಡಗೆ, ಮಿಂಚಿನಂಥ ಕಾಲು. ಐದಕ್ಕೆ ಹಾತಾರ್ನ್ ಕರೆದದ್ದು ಪಶ್ಚಿಮದ ಡವೆರಿನ್ ಎಂಬ ಪುಟ್ಟ ಊರಿನ ಲ್ಯಾನ್ಸ್ ಫ್ರಾಂಕ್ಲಿನ್, ತೆಳ್ಳಗೆ, ಉದ್ದಕ್ಕೆ. ಇಬ್ಬರೂ ಮೂಲನಿವಾಸಿ ಮನೆತನದ ಹುಡುಗರು.

ಫ್ರಾಂಕ್ಲಿನ್‌ಗೆ ಎಲ್ಲರೂ ಕರೆಯುವ ಹೆಸರು ಬಡ್ಡಿ. ಕನ್ನಡದವನಿಗೆ ಇನ್ನೇನು ಬೇಕು! ರಿಚ್ಮಂಡ್ ಬಿಟ್ಟುಕೊಟ್ಟ ಅಸಲಿಗೆ ಹಾತಾರ್ನ್ ಒಂಬತ್ತು ವರ್ಷ ಬಡ್ಡಿ ತಿಂದಿತು. 2008ರಲ್ಲಿ ಒಂದೇ ಸಾಲಿನಲ್ಲಿ 113 ಗೋಲು ಮತ್ತು ಕಪ್. 2013ರಲ್ಲಿ ಇನ್ನೊಂದು ಕಪ್. ಆಮೇಲೆ ಸಿಡ್ನಿಗೆ ಹೋದ ಆತ 2022ರ ಮಾರ್ಚ್‌ನಲ್ಲಿ ಸಾವಿರನೆಯ ಗೋಲು ಒದ್ದಾಗ ಸಾವಿರಾರು ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. 354 ಪಂದ್ಯ, 1066 ಗೋಲುಗಳಿಗೆ ಆಟ ಮುಗಿಸಿದ.

ಟ್ಯಾಂಬ್ಲಿಂಗ್ ರಿಚ್ಮಂಡ್‌ಗೆ ಆಡಿದ್ದು 108 ಪಂದ್ಯ. ನಮ್ಮಲ್ಲಿ ದೇವರ ನಾಮಾವಳಿ ಮುಗಿಯುವ ಸಂಖ್ಯೆ, ಕಡಿಮೆಯೇನಲ್ಲ. ಡ್ರಾಫ್ಟಿನಲ್ಲಿ ಕರೆಸಿಕೊಂಡು ಒಂದು ಪಂದ್ಯವೂ ಆಡದೆ ಊರಿಗೆ ಮರಳಿದ ಹುಡುಗರು ಎಷ್ಟೋ ಇದ್ದಾರೆ. ಆದರೆ ಅವನು ಚೆಂಡು ಮುಟ್ಟಿದಾಗಲೆಲ್ಲ ಎಂಸಿಜಿಯ ಮೆಟ್ಟಿಲುಗಳಲ್ಲಿ ಜನ ಲೆಕ್ಕ ಹಾಕುತ್ತಿದ್ದದ್ದು ಆ ವಾರ ಬಡ್ಡಿ ಎಷ್ಟು ಹೊಡೆದ ಎಂದು. ನಾನೇ ಕೇಳಿದ್ದೇನೆ, ಅಜ್ಜಿಯ ಪಕ್ಕದಲ್ಲಿ ಕೂತು. ಅವನು ಒಳ್ಳೆಯ ಪಾಸ್ ಕೊಟ್ಟರೆ "ಆದರೂ ಬಡ್ಡಿ ಆಗುವುದಿಲ್ಲ", ತಪ್ಪಿದರೆ "ನೋಡಿದೆಯಾ". ನಾಲ್ಕನೇ ಸರದಿಯಲ್ಲಿ ನನ್ನನ್ನೇ ಕರೆಯಿರಿ ಎಂದು ಆ ಹುಡುಗ ಅರ್ಜಿ ಹಾಕಿರಲಿಲ್ಲ. ಕರೆದವರು ಕೋಟು ತೊಟ್ಟ ದೊಡ್ಡವರು, ಅವರ ಹೆಸರು ಯಾರಿಗೂ ನೆನಪಿಲ್ಲ. 2010ರ ಕೊನೆಯಲ್ಲಿ ಅವನು ಅಡಿಲೇಡ್‌ಗೆ ಹೋದ. "ನಾನು ಅವತ್ತೇ ಹೇಳಿದ್ದೆ, ಫ್ರಾಂಕ್ಲಿನ್ ಅಂತ. ಯಾರು ಕೇಳುತ್ತಾರೆ ಮುದುಕಿಯ ಮಾತು" ಎಂದು ಅಜ್ಜಿ ಚಹಾ ಕಲಕುತ್ತ ಹೇಳುತ್ತಿದ್ದಳು. ರಿಚ್ಮಂಡಿನ ಪ್ರತಿ ಮನೆಯಲ್ಲೂ ಅವತ್ತೇ ಹೇಳಿದವರು ಒಬ್ಬಿಬ್ಬರಿದ್ದರು. ಅಷ್ಟು ಜನ ಹೇಳಿದ್ದರೆ ಕ್ಲಬ್ಬಿಗೆ ಕೇಳಿಸದೆ ಇರುತ್ತಿತ್ತೆ?

ಟ್ಯಾಂಬ್ಲಿಂಗ್‌ಗಿಂತ ಕಷ್ಟದ ಆರಂಭ ಕಂಡ ಹುಡುಗನನ್ನೂ ನೋಡಿದ್ದೇನೆ. 2008ರಲ್ಲಿ ಮೆಲ್ಬರ್ನ್ ಕ್ಲಬ್ ಮೊದಲ ಹೆಸರಾಗಿ ಜಾಕ್ ವಾಟ್ಸ್‌ನನ್ನು ಕರೆಯಿತು. ಎರಡನೆಯವನಾಗಿ ವೆಸ್ಟ್ ಕೋಸ್ಟ್ ತೆಗೆದುಕೊಂಡದ್ದು ಫಿಜಿ ಮೂಲದ ನಿಕ್ ನೈಟನುಯಿಯನ್ನು, ನೆಗೆದರೆ ಮೇಲಿನಿಂದ ಚೆಂಡು ಕೊಯ್ದು ತರುವವನು. ವಾಟ್ಸ್ ಇನ್ನೂ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ. 2009ರ ಜೂನಿನಲ್ಲಿ, ರಾಣಿಯ ಹುಟ್ಟುಹಬ್ಬದ ರಜೆಯ ದಿನ, ಕಾಲಿಂಗ್‌ವುಡ್ ಎದುರು ಎಂಸಿಜಿಯಲ್ಲಿ ಅವನ ಮೊದಲ ಪಂದ್ಯ. ಚೆಂಡು ಕೈಗೆ ಬಂದದ್ದೇ ತಡ, ಮೂವರು ಕಾಲಿಂಗ್‌ವುಡ್‌ನವರು ಒಟ್ಟಿಗೆ ಮೇಲೆ ಬಿದ್ದು ನೆಲಕ್ಕೆ ಅಪ್ಪಳಿಸಿದರು. ಮೈದಾನ ಹೋ ಎಂದಿತು. ನಾಳೆ ಇವನು ಕ್ಲಾಸಿಗೆ ಹೋಗಬೇಕಲ್ಲ ಎಂದು ನನಗನ್ನಿಸಿತು. ಆ ಒಂದು ಕ್ಷಣದ ಮೇಲೆ ಹತ್ತು ವರ್ಷದ ವಾದ ಕಟ್ಟಿದರು. 2017ರಲ್ಲಿ ಅದೇ ರಜೆಯ ದಿನ, ಅದೇ ಕಾಲಿಂಗ್‌ವುಡ್ ಎದುರು, ಕೊನೆಯ ನಿಮಿಷಗಳಲ್ಲಿ ಗೆಲುವಿನ ಗೋಲು ಒದ್ದವನೂ ಅವನೇ. ಆ ವರ್ಷದ ಕೊನೆಗೆ ಕ್ಲಬ್ ಅವನನ್ನು ಬೇರೆಯವರಿಗೆ ಬಿಟ್ಟುಕೊಟ್ಟಿತು.

ಸೋತರೆ ಲಾಭ ಎಂದಾದ ಮೇಲೆ ಬೇಕೆಂದೇ ಸೋಲುವವರೂ ಹುಟ್ಟುತ್ತಾರೆ. ಟ್ಯಾಂಕಿಂಗ್ ಎನ್ನುತ್ತಾರೆ ಅದಕ್ಕೆ. 2007ರ ಕೊನೆಯ ಸುತ್ತಿನಲ್ಲಿ ಕಾರ್ಲ್‌ಟನ್ ಮತ್ತು ಮೆಲ್ಬರ್ನ್ ಆಡಿದ ಪಂದ್ಯಕ್ಕೆ ಜನ ಕ್ರೂಜರ್ ಕಪ್ ಎಂದು ಹೆಸರಿಟ್ಟರು: ಸೋತವರಿಗೆ ಮ್ಯಾಥ್ಯೂ ಕ್ರೂಜರ್ ಎಂಬ ಹುಡುಗ ಬಹುಮಾನ. ಕಾರ್ಲ್‌ಟನ್ ಸೋತು ಅವನನ್ನು "ಗೆದ್ದಿತು". 2009ರ ನಡತೆಯ ಬಗ್ಗೆ ವಿಚಾರಣೆ ನಡೆಸಿದ ಲೀಗ್ 2013ರಲ್ಲಿ ಮೆಲ್ಬರ್ನ್ ಕ್ಲಬ್ಬಿಗೆ ಐದು ಲಕ್ಷ ಡಾಲರ್ ದಂಡ ಹಾಕಿತು. ಬೇಕೆಂದು ಸೋತದ್ದು ಸಾಬೀತಾಗಲಿಲ್ಲ, ದಂಡ ಮಾತ್ರ ಬಿತ್ತು! ಮಕ್ಕಳ ಜಗಳ ಬಿಡಿಸುವ ಮೇಷ್ಟ್ರ ತೀರ್ಪಿನ ಹಾಗೆ. ನಾಲ್ಕೈದು ಪಂದ್ಯ ಮಾತ್ರ ಗೆದ್ದವರಿಗೆ ತಾನಾಗಿ ಸಿಗುತ್ತಿದ್ದ ಬೋನಸ್ ಸರದಿಯನ್ನು ಅಷ್ಟರಲ್ಲಿ ತೆಗೆದುಹಾಕಿದ್ದರು.

ಅದೇ 2009ರ ಡ್ರಾಫ್ಟಿನಲ್ಲಿ ಮೆಲ್ಬರ್ನ್ ಮೊದಲ ಎರಡೂ ಹೆಸರು ಕರೆಯಿತು. ಮೂರನೆಯದು ರಿಚ್ಮಂಡಿನದು: ಡಸ್ಟಿನ್ ಮಾರ್ಟಿನ್. ಮೆಲ್ಬರ್ನಿನ ಮೊದಲನೆಯವನು ಟಾಮ್ ಸ್ಕಲಿ, ಎರಡೇ ವರ್ಷಕ್ಕೆ ಹೊಸ ಕ್ಲಬ್ಬಿಗೆ ಹೊರಟುಹೋದ. ಎರಡನೆಯವನು ಜಾಕ್ ಟ್ರೆಂಗೋವ್, 20ನೇ ವಯಸ್ಸಿಗೆ ಲೀಗಿನ ಚರಿತ್ರೆಯಲ್ಲೇ ಅತಿ ಕಿರಿಯ ನಾಯಕನಾಗಿ ಆ ಭಾರಕ್ಕೇ ಬಾಗಿದ. ಮಾರ್ಟಿನ್ ಮಾತ್ರ ರಿಚ್ಮಂಡ್‌ಗೆ ಮೂರು ಕಪ್ ತಂದ ಮೂರೂ ಫೈನಲ್‌ಗಳಲ್ಲಿ, 2017, 2019, 2020ರಲ್ಲಿ, ಶ್ರೇಷ್ಠ ಆಟಗಾರನಾದ. 2017ರ ಸೆಪ್ಟೆಂಬರ್ 30ರಂದು 37 ವರ್ಷದ ಬರ ಮುಗಿದಾಗ ಎಂಸಿಜಿಯಲ್ಲಿ 1,00,021 ಜನ. ಸ್ವಾನ್ ಸ್ಟ್ರೀಟಿನಲ್ಲಿ ಕಾಲಿಡಲು ಜಾಗವಿಲ್ಲ; ನನ್ನ 70ನೇ ನಂಬರ್ ಟ್ರಾಮ್ ಹೋಗುವ ಹಾಗೇ ಇರಲಿಲ್ಲ. ಅಜ್ಜಿ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತು, ಹೋಗಿಬರುವ ಪರಿಚಯವಿಲ್ಲದವರಿಗೆಲ್ಲ ಕೈ ಕುಲುಕುತ್ತಿದ್ದಳು. ಟ್ಯಾಂಬ್ಲಿಂಗ್ ಹೆಸರನ್ನು ಅವತ್ತು ಯಾರೂ ಎತ್ತಲಿಲ್ಲ. ಡೆಲೆಡಿಯೊ, ಯಾರಿಗೂ ತಕರಾರಿಲ್ಲದ ಆ ಮೊದಲ ಹೆಸರು, 243 ಪಂದ್ಯ ಆಡಿ ಹಿಂದಿನ ವರ್ಷವಷ್ಟೇ ಕ್ಲಬ್ ಬಿಟ್ಟಿದ್ದ.

ಎರಡು ವರ್ಷದ ಮೇಲೆ ಅಜ್ಜಿಯನ್ನು ಮಗ ತನ್ನ ಊರಿಗೆ ಕರೆದುಕೊಂಡು ಹೋದ. ಮನೆ ಖಾಲಿ ಮಾಡಲು ನಾನೂ ಹೋಗಿದ್ದೆ. ಅಡುಗೆಮನೆಯ ಮೇಲಿನ ಬೀರುವಿನಲ್ಲಿ ಕ್ಯಾಲೆಂಡರುಗಳ ಕಟ್ಟು, ಒಂದನ್ನೂ ಬಿಸಾಡಿರಲಿಲ್ಲ. ಏಣಿಯ ಮೇಲೆ ನಿಂತೇ 2004ರದನ್ನು ಎಳೆದು, ನವೆಂಬರ್ ತಿರುಗಿಸಿ, ಈ ಸಲ ಹೆಸರುಗಳನ್ನು ಓದಿದೆ. ಸೀಸದ ಅಕ್ಷರ ಮಾಸಿದ್ದರೂ ಸ್ಪಷ್ಟವಾಗಿತ್ತು. ಒಂದು, ಡೆಲೆಡಿಯೊ. ನಾಲ್ಕು, ಟ್ಯಾಂಬ್ಲಿಂಗ್, ಅದರ ಕೆಳಗೆ ಎರಡು ಗೆರೆ. ಫ್ರಾಂಕ್ಲಿನ್ ಹೆಸರು ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.